ಬೋರು ಬತ್ತಿದ ವರ್ಷದ ತೋಟ

ಹೋದ ವಾರ ಹೂವು ತರಲೆಂದು ಶಿವಾಜಿನಗರದ ಮಾರ್ಕೆಟ್ಟಿಗೆ ಹೋಗಿದ್ದೆ. ಹೂವಿನವರ ಸಾಲು ಮುಗಿಯುವಲ್ಲಿ, ವೀಳ್ಯದೆಲೆ ಮಾರುವವರ ಪಕ್ಕದಲ್ಲಿ, ಒಬ್ಬ ಹೆಂಗಸು ಗೋಣಿಚೀಲದ ಮೇಲೆ ಸೊಪ್ಪಿನ ಕಟ್ಟುಗಳನ್ನು ಹರಡಿಕೊಂಡು ಕೂತಿದ್ದಳು. ನಾನು ದಾಟಿ ಹೋಗುವವಳಿದ್ದೆ. ಅವಳು ಒಂದು ಎಲೆ ಕಿತ್ತು, ಅಂಗೈಯಲ್ಲಿ ತಿಕ್ಕಿ, ನನ್ನ ಮೂಗಿನ ಹತ್ತಿರ ಹಿಡಿದು, "ನೊಚ್ಚಿ ಎಲೆ ಮಾ, ತಲೆನೋವು ಬಂದ್ರೆ ಬಿಸಿನೀರಲ್ಲಿ ಹಾಕಿ ಆವಿ ತಗೋ" ಎಂದಳು. ಅವಳ ನೊಚ್ಚಿಯೇ ನಮ್ಮ ಲಕ್ಕಿ. ಆ ಖಾರವಾದ, ಸ್ವಲ್ಪ ಕಹಿಯಾದ ವಾಸನೆ ಮೂಗಿಗೆ ಹೋಗಿದ್ದೇ ತಡ, ಬೈಯಪ್ಪನಹಳ್ಳಿಯ ನಮ್ಮ ಬಾಡಿಗೆ ಮನೆಯ ಅಂಗಳ ಕಣ್ಣ ಮುಂದೆ ಬಂತು. ಎರಡು ಕಟ್ಟು ಕೊಂಡೆ. ನನಗೆ ತಲೆನೋವೇನೂ ಇರಲಿಲ್ಲ.

ಜಂಬ ಪಡುವಂಥದ್ದು ನನ್ನ ಬದುಕಿನಲ್ಲಿ ಹೆಚ್ಚೇನಿಲ್ಲ. ಇಷ್ಟು ವರ್ಷ ಹಲಸೂರಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟೆ, ಅದು ಸಂಬಳದ ಕೆಲಸ. ಅಡುಗೆ ಚೆನ್ನಾಗಿದೆ ಎಂದು ನನ್ನ ಗಂಡನೇ ಬಾಯಿಬಿಟ್ಟು ಹೇಳಿದ್ದು ನೆನಪಿಲ್ಲ. ಆದರೆ ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಆ ಮನೆಯ ಮುಂದಿನ ಹನ್ನೆರಡು ಅಡಿ ಅಗಲದ ಮಣ್ಣನ್ನು ನಾನು ಹೇಗೆ ಉಳಿಸಿಕೊಂಡೆ ಎಂದು ಯಾರಾದರೂ ಕೇಳಿದರೆ, ವಿನಯವನ್ನು ಪಕ್ಕಕ್ಕಿಟ್ಟೇ ಹೇಳುತ್ತೇನೆ. ಯಾರೂ ಕೇಳದಿದ್ದರೂ ಹೇಳುತ್ತೇನೆ, ಈಗ ಹೇಳುತ್ತಿರುವ ಹಾಗೆ.

ನಮ್ಮೂರು ರೋಣದ ಕಡೆ. ಕಣ್ಣು ಹಾಯಿಸಿದಷ್ಟೂ ಎರೆಹೊಲ, ಊರಿಗೆಲ್ಲ ಒಂದೇ ಸಿಹಿನೀರಿನ ಬಾವಿ. ನಮ್ಮ ಮನೆಯಲ್ಲಿ ತಂಬಿಗೆಯಲ್ಲಿ ಉಳಿದ ನೀರನ್ನು ಅಂಗಳಕ್ಕೆ ಚೆಲ್ಲಿದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಕುಡಿದು ಉಳಿದದ್ದು ಯಾವುದಾದರೂ ಗಿಡದ ಬುಡಕ್ಕೇ ಹೋಗಬೇಕು. ಹಾಗೆ ಬೆಳೆದವಳು ಮದುವೆಯಾಗಿ, ಗಂಡನಿಗೆ ಹುಬ್ಬಳ್ಳಿಯಿಂದ ವರ್ಗವಾಗಿ ಬೆಂಗಳೂರಿಗೆ ಬಂದಾಗ, ಬಾಡಿಗೆ ಮನೆಯ ಮುಂದೆ ಒಂದು ತುಂಡು ಖಾಲಿ ಮಣ್ಣು, ಗೋಡೆಯಲ್ಲೊಂದು ನಲ್ಲಿ, ನಲ್ಲಿಗೊಂದು ಉದ್ದನೆಯ ಪೈಪು. ನನಗೆ ತಲೆ ತಿರುಗಿತು. ಹಲಸೂರು ಕೆರೆಯ ಹತ್ತಿರದ ನರ್ಸರಿಗೆ ಹೋಗಿ ಗುಲಾಬಿ, ಡೇಲಿಯಾ, ಹೆಸರೇ ಹೇಳಲು ಬಾರದ ನೀಲಿ ಹೂವಿನ ಗಿಡಗಳು, ಚೌಕ ಚೌಕವಾಗಿ ಕತ್ತರಿಸಿ ಮಾರುವ ಹುಲ್ಲು, ಎಲ್ಲವನ್ನೂ ಆಟೋದಲ್ಲಿ ಹೇರಿಕೊಂಡು ಬಂದೆ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಪೈಪು ಹಿಡಿದು ನಿಲ್ಲುವುದೇ ನನಗೆ ಹಬ್ಬ.

ಎರಡು ವರ್ಷ ಆ ಹಬ್ಬ ನಡೆಯಿತು. ಆಮೇಲೆ ಮಳೆ ಕೈಕೊಟ್ಟಿತು, ಮರುವರ್ಷವೂ ಕೈಕೊಟ್ಟಿತು. ಬೋರ್‌ವೆಲ್ ಒಂದು ದಿನ ಕೆಮ್ಮಿ ಕೆಮ್ಮಿ ಕೆಸರು ಉಗುಳಿ, ದಿನಕ್ಕೆ ಅರ್ಧ ಟ್ಯಾಂಕಿಗೆ ಬಂದು ನಿಂತಿತು. ಮೊದಲು ಹುಲ್ಲು ಹೋಯಿತು, ಬೆನ್ನಿಗೇ ನೀಲಿ ಹೂವು. ಗಣೇಶನ ಹಬ್ಬದ ಹೊತ್ತಿಗೆ ಗುಲಾಬಿಗಳು ಬರೀ ಮುಳ್ಳಿನ ಕಡ್ಡಿಗಳಾಗಿದ್ದವು.

ಮನೆಯ ಮಾಲೀಕರು ಮುನಿಸ್ವಾಮಪ್ಪ, ಬೈಯಪ್ಪನಹಳ್ಳಿಯದೇ ಹಳೆಯ ಒಕ್ಕಲು ಮನೆತನದವರು. ಅವರ ರಾಗಿ ಹೊಲಗಳೆಲ್ಲ ಲೇಔಟಾಗಿ, ಈಗ ಮೂರು ಬಿಲ್ಡಿಂಗಿನ ಬಾಡಿಗೆ ನೋಡಿಕೊಂಡು, ನಾಲ್ಕನೆಯದಕ್ಕೆ ಪ್ಲಾನು ಹಾಕಿಸಿಕೊಂಡು ಮೊಪೆಡ್ಡಿನಲ್ಲಿ ಓಡಾಡುತ್ತಿದ್ದರು. ನಮ್ಮ ಮನೆಯ ಹಿಂದಿನ ಭಾಗದಲ್ಲೇ ಅವರ ವಾಸ. ಜೊತೆಗೆ ಅವರ ತಾಯಿ ಅಕ್ಕಯ್ಯಮ್ಮ, ಎಂಬತ್ತರ ಹತ್ತಿರದವರು. ಒಂದು ಭಾನುವಾರ ಮುನಿಸ್ವಾಮಪ್ಪ ಬಾಡಿಗೆದಾರರನ್ನೆಲ್ಲ ಅಂಗಳಕ್ಕೆ ಕರೆದರು.

"ನೋಡ್ರಪ್ಪಾ, ಇನ್ಮೇಲೆ ಕುಡಿಯಕ್ಕೆ, ಅಡ್ಗೆಗೆ, ಸ್ನಾನಕ್ಕೆ ಅಷ್ಟೇ ನೀರು. ಪಾತ್ರೆ ತೊಳೆದಿದ್ದು, ಬಟ್ಟೆ ಒಗೆದಿದ್ದು ಹಿಂದ್ಗಡೆ ಡ್ರಮ್ಮಿಗೆ ಹಾಕಿ. ಬೇಸ್ಗೇಲಿ ಕಕ್ಕಸಿಗೆ ಅದೇ ಗತಿ" ಎಂದು ಹೇಳಿ ನನ್ನ ಕಡೆ ತಿರುಗಿದರು. "ಟೀಚರಮ್ಮ, ನಿಮ್ ತೋಟದ ಕತೆ ಮುಗೀತು. ಇದಕ್ಕೆ ಕಾಂಕ್ರೀಟ್ ಹಾಕುಸ್ಬಿಡ್ತೀನಿ. ಎರಡು ಕಾರು ನಿಂತ್ಕೊತವೆ."

ಹೇಳಿದ್ದು ನ್ಯಾಯವಾಗೇ ಇತ್ತು. ಆದರೆ ಅಷ್ಟು ಜನರ ಮುಂದೆ "ಕತೆ ಮುಗೀತು" ಎಂದದ್ದು ನನಗೆ ನಾಟಿತು. ನನ್ನ ಬಾಯಿ ಸುಮ್ಮನಿರುವ ಜಾತಿಯದ್ದಲ್ಲ.

"ನಿಮ್ಮ ಬೋರಿನ ನೀರು ನನಗ ಬ್ಯಾಡ್ರಿ. ಆ ನೀರು ಮುಟ್ಟದ ಈ ನೆಲ ಹಸರು ಮಾಡಿ ತೋರಸ್ತೀನಿ."

"ಯಾವಾಗ? ಮಳೆಗಾಲದಲ್ಲಾ?" ಎಂದರು ಅವರು. ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು, ಅದಕ್ಕೆ ಆಮೇಲೆ ಅನುಭವಿಸಿದರು.

"ಬ್ಯಾಸಗ್ಯಾಗ" ಎಂದೆ.

ಮೆಟ್ಟಿಲ ಮೇಲೆ ಎಲೆ ಅಡಿಕೆ ಜಗಿಯುತ್ತ ಕೂತಿದ್ದ ಅಕ್ಕಯ್ಯಮ್ಮ ಆಗ ಬಾಯಿ ಹಾಕಿದರು. "ನೆಟ್ಟಿದ್ದು ಬೇರು ಬಿಡೋಗಂಟ ಬಟ್ಟೆ ಒಗೆದ ನೀರು ಹಾಕ್ಕೊಳ್ಲಿ ಬುಡೋ. ಸಂಕ್ರಾಂತಿ ಆದ್ಮೇಲೆ ಒಂದು ಚೊಂಬೂ ಬ್ಯಾಡ. ಮುಂಗಾರಿನ ಮೊದಲ್ನೇ ಮಳೆ ಬಿದ್ದಾಗ ಹಸ್ರಾಗಿದ್ರೆ ನೀನು ಸಿಮೆಂಟು ಮುಟ್ಬ್ಯಾಡ. ಒಣಗಿದ್ರೆ ಅವ್ಳು ಮಾತಾಡ್ಬ್ಯಾಡ." ತಾಯಿ ಹೇಳಿದ ಮೇಲೆ ಮಗ ಎದುರು ಹೇಳಲಿಲ್ಲ. ಒಪ್ಪಂದ ಅಲ್ಲಿಗೆ ಕುದುರಿತು.

ಮಾತೇನೋ ಆಡಿದೆ, ಏನು ನೆಡಬೇಕೆಂದು ಗೊತ್ತಿರಲಿಲ್ಲ. ಪುಸ್ತಕದಲ್ಲಿ ಮರುಭೂಮಿಯ ಸಸ್ಯಗಳ ಪಾಠವನ್ನು ವರ್ಷಾವರ್ಷ ಮಾಡಿದವಳು ನಾನು. ಮತ್ತೆ ಅದೇ ನರ್ಸರಿಗೆ ಹೋದೆ. ಅಲ್ಲಿನವನು ಬಣ್ಣದ ಕುಂಡದಲ್ಲಿ ಎರಡು ಕಳ್ಳಿ ತೋರಿಸಿ, "ಇದು ಸಾಯಲ್ಲ ಮೇಡಂ, ಫಾರಿನ್ದು" ಎಂದ. ಅವನ್ನು ಹಿಡಿದುಕೊಂಡು ಬಂದಾಗ ಅಕ್ಕಯ್ಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಲ್ಲ ಕಣೆ ತಾಯಿ, ಕೆರೆ ಏರಿ ಮೇಲೆ ಗಿಡ ಅವಲ್ಲ, ಅವಕ್ಕೆ ಯಾರು ನೀರು ಹೊತ್ತವ್ರೆ? ನಡಿ ನನ್ ಜೊತೆ."

ಆ ತಿಂಗಳ ಭಾನುವಾರಗಳೆಲ್ಲ ನಮ್ಮದೇ ಆದವು. ಮುದುಕಿ ಮುಂದೆ, ಕುಡುಗೋಲು ಮತ್ತು ಚೀಲ ಹಿಡಿದು ನಾನು ಹಿಂದೆ. ಕಗ್ಗದಾಸಪುರದ ಕೆರೆ ಏರಿ, ರೈಲು ಹಳಿಯ ಪಕ್ಕದ ಬೋಳು ನೆಲ, ಸಿ.ವಿ. ರಾಮನ್ ನಗರದ ಕಡೆ ಇನ್ನೂ ಮನೆ ಏಳದೆ ಉಳಿದಿದ್ದ ಸೈಟುಗಳು. ಅಕ್ಕಯ್ಯಮ್ಮ ಗಿಡ ಆರಿಸುವ ರೀತಿ ನನಗೆ ಮೊದಲು ತಲೆಕೆಳಗಾಗಿ ಕಂಡಿತು. ಚರಂಡಿಯ ಪಕ್ಕ ಸೊಂಪಾಗಿ ಬೆಳೆದ ಲಕ್ಕಿ ಗಿಡಕ್ಕೆ ನಾನು ಕೈ ಹಾಕಿದರೆ, ಕೈಗೆ ಹೊಡೆದರು.

"ಅದು ಕುಡಿದು ಕೊಬ್ಬಿರೋದು. ಅಕೋ, ಬಂಡೆ ಮೇಲೆ ಮೊಣಕಾಲುದ್ದ ಐತಲ್ಲ, ಅದ್ರಿಂದ ಕಡ್ಡಿ ಮುರ್ಕೊ. ಅದಕ್ಕೆ ಹಸಿವು ಗೊತ್ತು."

ಅಂದೇ ಅವರು ಅದರ ಎಲೆ ತಿಕ್ಕಿ ನನ್ನ ಮೂಗಿಗೆ ಹಿಡಿದದ್ದು. ಬಾಣಂತಿಯರ ಸ್ನಾನದ ನೀರಿಗೆ ಹಾಕುತ್ತಿದ್ದ ಸೊಪ್ಪು ಇದೇ ಎಂದರು. ಹೊಲದ ಬೇಲಿಗೆ ಕಟ್ಟುತ್ತಿದ್ದ ಬಂದರಿಕೆ, ಮುಳ್ಳಿನ ಮಧ್ಯೆ ಹುಳಿ ಹಣ್ಣು ಬಿಡುವ ಕವಳಿ, ಹಳದಿ ಹೂವಿನ ಮುಳ್ಳುಗೋರಂಟಿ, ಗೋಡೆ ಹತ್ತುವ ಮಂಗರವಳ್ಳಿ, ಒಂದೊಂದನ್ನೂ ಹಳೆಯ ನೆರೆಯವರನ್ನು ಮಾತನಾಡಿಸುವಂತೆ ಹೆಸರು ಹಿಡಿದು ತೋರಿಸಿದರು. ಅವರಿಗೆ ಎಲ್ಲಕ್ಕಿಂತ ಬೇಕಾಗಿದ್ದುದು ತಂಗಡಿ. ದೀಪಾವಳಿಗೆ ಸಗಣಿಯಲ್ಲಿ ಬೆನಕನನ್ನು ಮಾಡಿ ತಂಗಡಿ ಹೂವು ಸಿಕ್ಕಿಸುವುದು ಅವರ ಮನೆಯ ಪದ್ಧತಿ; ಈಗ ಆ ಹೂವನ್ನು ಮಾರ್ಕೆಟ್ಟಿನಲ್ಲಿ ಕೊಂಡು ತರಬೇಕಾಗಿ ಬಂದದ್ದು ಅವರಿಗೆ ದೊಡ್ಡ ಅವಮಾನವಾಗಿತ್ತು. ಒಂದು ಸೈಟಿಗೆ ಮಾರನೆಯ ದಿನ ಜೆಸಿಬಿ ಬರುತ್ತದೆಂದು ತಿಳಿದು, ಅಲ್ಲಿದ್ದ ಗೇಣುದ್ದದ ತಂಗಡಿ ಸಸಿಗಳನ್ನು ಮಣ್ಣಿನ ಹೆಂಟೆ ಸಮೇತ ಎಬ್ಬಿಸಿಕೊಂಡು ಬಂದೆವು. ತಂದದ್ದು ಒಂಬತ್ತು, ಬದುಕಿದ್ದು ನಾಲ್ಕು. ಅದರಲ್ಲಿ ಚೆನ್ನಾಗಿದ್ದ ಒಂದನ್ನು ಎಲ್ಲರಿಗೂ ಕಾಣಲೆಂದು ಗೇಟಿನ ಪಕ್ಕದಲ್ಲೇ ನೆಟ್ಟೆ. ನನ್ನ ಜಂಬ ಅಲ್ಲಿಂದಲೇ ಶುರುವಾಯಿತು.

ನೆಡುವುದರಲ್ಲೂ ಮುದುಕಿಯದೇ ನಡೆ. ಗುಂಡಿಗೆ ಗೊಬ್ಬರ ಸುರಿಯಲು ಹೋದರೆ, "ಹಬ್ಬದ ಊಟ ಹಾಕಿ ಅಭ್ಯಾಸ ಮಾಡ್ಬ್ಯಾಡ" ಎನ್ನುತ್ತಿದ್ದರು. ಸತ್ತ ಹುಲ್ಲನ್ನು ಕೆತ್ತಿ ತೆಗೆದು, ಕೆಂಪು ಮಣ್ಣಿಗೆ ಮರಳು ಬೆರೆಸಿದೆವು. ಮಳೆ ಬಂದರೆ ಒಂದು ಹನಿಯೂ ರಸ್ತೆಗೆ ಹೋಗದಂತೆ ನೆಲವನ್ನು ಒಳಮುಖವಾಗಿ ಇಳಿಜಾರು ಮಾಡಿದೆವು. ಬುಡಕ್ಕೆಲ್ಲ ಒಣಗಿದ ಎಲೆ ಹರಡಿ, ಅದು ಹಾರದಂತೆ ಬೋಡುಗಲ್ಲು ಇಟ್ಟೆವು. ಹಿಂಗಾರಿನಲ್ಲಿ ಮೂರು ಮಳೆ ಒಳ್ಳೆಯದಾಗಿ ಬಿತ್ತು. ಸಂಕ್ರಾಂತಿಯವರೆಗೆ ವಾರಕ್ಕೊಮ್ಮೆ ಬಟ್ಟೆ ಜಾಲಿಸಿದ ನೀರು ಹಾಕಿದೆ. ಸಂಕ್ರಾಂತಿಯ ದಿನ ಎಳ್ಳು ಬೆಲ್ಲ ಕೊಡಲು ಹೋದಾಗ ಅಕ್ಕಯ್ಯಮ್ಮ ನನ್ನ ಕೈ ಹಿಡಿದು, "ಇವತ್ತಿಗೆ ಮುಗೀತು. ನಾಳೆಯಿಂದ ಅವು ಎಷ್ಟು ಬಾಡಿದ್ರೂ ನೀನು ಮುಖ ತಿರುಗಿಸ್ಕೊ" ಎಂದರು.

ಮುಖ ತಿರುಗಿಸಿಕೊಳ್ಳುವುದು ನೀರು ಹೊರುವುದಕ್ಕಿಂತ ಕಷ್ಟದ ಕೆಲಸ. ಶಿವರಾತ್ರಿ ಕಳೆದ ಮೇಲೆ ಬಿಸಿಲು ಏರಿತು. ಲಕ್ಕಿ ಅರ್ಧ ಎಲೆ ಉದುರಿಸಿತು. ಗೋರಂಟಿ ಎಲೆಗಳನ್ನು ಮುದುಡಿಕೊಂಡಿತು. ಬಂದರಿಕೆಯೊಂದೇ ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತ ನಿಂತಿತ್ತು. ಎದುರು ಮನೆಯಾಕೆ ಒಂದು ದಿನ ತೀರಾ ಕಾಳಜಿಯಿಂದ, "ಟೀಚರ್, ನಿಮ್ಮನೆ ಮುಂದೆ ಕಳೆ ತುಂಬ್ಕೊಂಡಿದೆ. ಕೀಳೋಕೆ ಆಳು ಬೇಕಾದ್ರೆ ಹೇಳಿ, ನಮ್ ಕಡೆಯವ್ರೊಬ್ರು ಇದಾರೆ" ಎಂದರು. ಮುನಿಸ್ವಾಮಪ್ಪ ದಿನವೂ ಗೇಟಿನ ಹತ್ತಿರ ಮೊಪೆಡ್ಡಿಗೆ ಬ್ರೇಕು ಹಾಕಿ, ಒಂದು ಸಲ ಗಿಡ, ಒಂದು ಸಲ ನನ್ನ ಮುಖ ನೋಡಿ ಮುಂದೆ ಹೋಗುತ್ತಿದ್ದರು. ಆ ನೋಟಕ್ಕೆ ನನ್ನ ಮೈಯೆಲ್ಲ ಉರಿಯುತ್ತಿತ್ತು.

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಂತು, ಅಕ್ಕಯ್ಯಮ್ಮ ಹೊಸಕೋಟೆಯ ಮಗಳ ಮನೆಗೆ ಹೋದರು. ಈ ಎರಡೂ ಒಟ್ಟಿಗೆ ಆದದ್ದೇ ಕೆಟ್ಟದ್ದಾಯಿತು. ದಿನವಿಡೀ ಮನೆಯಲ್ಲಿ ಕೂತವಳಿಗೆ ಕಿಟಕಿಯಿಂದ ಕಾಣುತ್ತಿದ್ದದ್ದು ಗೇಟಿನ ಪಕ್ಕದ ತಂಗಡಿ. ಮಧ್ಯಾಹ್ನ ಅದರ ಎಲೆಗಳು ಜೋಡಿ ಜೋಡಿಯಾಗಿ ಮಡಚಿಕೊಂಡಾಗ ನನ್ನ ಗಂಟಲೇ ಒಣಗಿದಂತಾಗುತ್ತಿತ್ತು. ಒಂದು ದಿನ ನೀರು ಕುಡಿದು ಲೋಟದಲ್ಲಿ ಉಳಿದದ್ದನ್ನು ಕೈ ತಾನಾಗಿ ಅದರ ಬುಡಕ್ಕೆ ಸುರಿಯಿತು. ರೋಣದ ಕೈ ಅದು, ಅದಕ್ಕೆ ಒಪ್ಪಂದ ತಿಳಿಯದು ಎಂದು ನನಗೆ ನಾನೇ ಹೇಳಿಕೊಂಡೆ. ಮಾರನೆಯ ದಿನ ಅಕ್ಕಿ ತೊಳೆದ ನೀರು. ಅದರ ಮಾರನೆಯ ದಿನ ಬೇಳೆ ತೊಳೆದದ್ದೂ ಸೇರಿತು. ಹಿಂದಿನ ಡ್ರಮ್ಮಿಗೆ ಹೋಗಬೇಕಾದ ನೀರು ಅದು ಎಂದು ಗೊತ್ತಿದ್ದೇ ಮಾಡಿದೆ. ಬುಡಕ್ಕೆ ಚೆಂದದ ಪಾತಿಯನ್ನೂ ಕಟ್ಟಿದೆ.

ವಾರದಲ್ಲಿ ತಂಗಡಿಯ ಎಲೆ ಹಳದಿಗೆ ತಿರುಗಿತು. ನೀರು ಸಾಲದೇನೋ ಎಂದು ಇನ್ನಷ್ಟು ಹಾಕಿದೆ. ಹದಿನೈದನೆಯ ದಿನಕ್ಕೆ ಗಿಡ ಒಂದು ಪಕ್ಕಕ್ಕೆ ವಾಲಿತು.

ಹೊಸಕೋಟೆಯಿಂದ ಬಂದ ಅಕ್ಕಯ್ಯಮ್ಮ ಗೇಟು ತೆಗೆದವರೇ ಅಲ್ಲೇ ನಿಂತರು. ಬಗ್ಗಿ ಎರಡು ಬೆರಳಲ್ಲಿ ಗಿಡ ಹಿಡಿದು ಎಳೆದರು. ಸಲೀಸಾಗಿ ಕೈಗೆ ಬಂತು. ಬೇರು ಕಪ್ಪಾಗಿ ಕೊಳೆತು ನಾರುತ್ತಿತ್ತು.

"ಏನ್ ಹಾಕ್ದೆ?" ಎಂದರು.

"ನೀರು, ಅಜ್ಜಿ. ನೋಡಾಕ ಆಗಲಿಲ್ಲ."

"ಬೋಳು ನೆಲದಲ್ಲಿ ಬದುಕಿದ್ದನ್ನ ತಂದು ಬಟ್ಟಲಲ್ಲಿ ಮುಳುಗುಸ್ಬಿಟ್ಯಲ್ಲೇ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋಗಿಬಿಟ್ಟರು.

ನಾನು ಮೆಟ್ಟಿಲ ಮೇಲೆ ಕೂತು ಅತ್ತೆ. ಗಿಡ ಹೋದದ್ದಕ್ಕೆ ಅತ್ತದ್ದು ಅರ್ಧ. ಇನ್ನರ್ಧ, ಅಷ್ಟು ದೊಡ್ಡ ಮಾತಾಡಿ ಕದ್ದು ನೀರು ಹಾಕಿದೆನಲ್ಲ ಎಂಬ ನಾಚಿಕೆಗೆ. ಸಂಜೆ ಮನೆಗೆ ಬಂದ ಗಂಡ ಇದನ್ನೆಲ್ಲ ಕೇಳಿ, "ಅವರಿಗೇನ ಗೊತ್ತಾಗತೈತಿ? ಬಿಸಲಿಗೆ ಹೋತು ಅನ್ನು. ಒಂದ ಗಿಡಕ್ಕ ಇಡೀ ತ್ವಾಟ ಯಾಕ ಕಳ್ಕೊತೀ?" ಎಂದರು. ಮಾತು ಸರಿಯಾಗೇ ಇತ್ತು. ಆದರೆ ಬಿಸಿಲಿಗೆ ಹೋಯಿತೆಂದರೆ ತಂಗಡಿಯ ಮೇಲೆ ಸುಳ್ಳು ಹೇಳಿದಂತಾಗುತ್ತಿತ್ತು. ಅದು ಬಿಸಿಲಿಗೆ ಸಾಯುವ ಗಿಡವಲ್ಲ. ಶಾಲೆಯಲ್ಲಿ ಮಕ್ಕಳ ಪ್ರಯೋಗದ ಪುಸ್ತಕದಲ್ಲಿ ಬರೆದ ಸುಳ್ಳಿಗೆ ಕೆಂಪು ಗೆರೆ ಎಳೆಯುವವಳು ನಾನು. ಮುಖ ತೊಳೆದುಕೊಂಡು, ಕೊಳೆತ ಗಿಡವನ್ನು ಪೇಪರಿನಲ್ಲಿ ಸುತ್ತಿಕೊಂಡು ಮುನಿಸ್ವಾಮಪ್ಪನವರ ಬಾಗಿಲು ತಟ್ಟಿದೆ.

"ಮಾತಿಗೆ ತಪ್ಪೀನ್ರಿ. ಹದಿನೈದು ದಿವಸ ಇದಕ್ಕ ನೀರು ಹಾಕೀನಿ. ಡ್ರಮ್ಮಿಗೆ ಹಾಕೋ ನೀರು. ನೀವು ಏನ್ ಮಾಡ್ತೀರೋ ಮಾಡ್ರಿ."

ಅವರು ಪೇಪರು ಬಿಡಿಸಿ, ಬೇರನ್ನು ಉಗುರಿನಿಂದ ಕೆರೆದು ನೋಡಿದರು. ಮೂಸಿ ನೋಡಿದರು. ಮೊದಲ ಸಲ ಅವರು ನನಗೆ ಒಬ್ಬ ರೈತನ ಹಾಗೆ ಕಂಡದ್ದು ಆಗಲೇ. ಚಪ್ಪಲಿ ಮೆಟ್ಟಿಕೊಂಡು ಮುಂದಿನ ಅಂಗಳಕ್ಕೆ ಬಂದರು. ಕವಳಿಯ ಬುಡದ ಕಲ್ಲು ಸರಿಸಿ ಕೆಳಗಿನ ಮಣ್ಣು ಮುಟ್ಟಿದರು. ಬಂದರಿಕೆಯ ಒಂದು ಎಲೆ ಮುರಿದರು, ಲಕ್ಕಿಯ ಬೋಳು ಕಡ್ಡಿಯನ್ನು ಗೀರಿ ಒಳಗಿನ ಹಸಿರು ನೋಡಿದರು. ಗೋಡೆಯ ಪಕ್ಕದ ಮೂರು ತಂಗಡಿಗಳ ಹತ್ತಿರ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತರು.

"ಇವಕ್ಕೆ ಹಾಕಿದ್ದೀರಾ?"

"ಇಲ್ರಿ. ಸಂಕ್ರಾಂತಿಯಿಂದ ಒಂದ ಹನಿ ಇಲ್ಲ. ಅಜ್ಜಿ ಆಣಿ."

"ನಮ್ಮವ್ವನ್ನ ಯಾಕೆ ಎಳೀತೀರಾ" ಎಂದು ಎದ್ದು ನಿಂತರು. "ನೀರು ಹಾಕಿದ್ದು ಸತ್ತೈತೆ, ಹಾಕ್ದೇ ಇರೋದೆಲ್ಲ ನಿಂತೈತೆ. ಇದ್ರಲ್ಲಿ ನೀವು ಸೋತಿದ್ದು ಎಲ್ಲಿ ಬಂತು? ಆದ್ರೆ ಡ್ರಮ್ಮಿನ ನೀರು ಕದ್ದಿದ್ದು ತಪ್ಪೇಯ. ನಾಳೆಯಿಂದ ಮಳೆ ಬರೋಗಂಟ ಕಕ್ಕಸಿನ ಡ್ರಮ್ಮು ನೀವೇ ತೊಳೀಬೇಕು."

ತೊಳೆದೆ. ಎಲ್ಲ ಬಾಡಿಗೆದಾರರ ಕಣ್ಣೆದುರು, ದಿನ ಬಿಟ್ಟು ದಿನ, ತೆಂಗಿನ ನಾರು ಹಿಡಿದು ತೊಳೆದೆ. ಅದಕ್ಕೂ ನನಗೆ ಈಗ ಜಂಬವೇ. ಮೇ ತಿಂಗಳ ಉರಿಯಲ್ಲಿ ಬೀದಿಯ ಎಲ್ಲ ಮನೆಗಳ ಮುಂದೆ ಕುಂಡಗಳು ಬೋರಲು ಬಿದ್ದಿದ್ದವು. ನಾನು ಕಿಟಕಿಯ ಪರದೆ ಎಳೆದು, ಬೆನ್ನು ತಿರುಗಿಸಿ ಕೂತು, ಮುಂದಿನ ವರ್ಷದ ಪಾಠದ ಟಿಪ್ಪಣಿ ಬರೆದೆ. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಗೋಡೆಯ ಪಕ್ಕದ ತಂಗಡಿಯೊಂದು ತುದಿಯಲ್ಲಿ ಹಳದಿ ಗೊಂಚಲು ಬಿಟ್ಟಿತ್ತು. ಅದನ್ನು ನೋಡಿ ನಾನು ಮೊದಲು ಮಾಡಿದ ಕೆಲಸವೆಂದರೆ ಎದುರು ಮನೆಯಾಕೆಯನ್ನು ಕೂಗಿ ಕರೆದದ್ದು. ಅಕ್ಕಯ್ಯಮ್ಮ ಬಂದು ಹೂವನ್ನು ಮುಟ್ಟಿ ಮುಟ್ಟಿ ನೋಡಿ, "ದೀಪಾವಳಿಗೆ ಇನ್ನೂ ದಿನ ಐತೆ, ಆತುರಗಾರ್ತಿ" ಎಂದು ಗಿಡಕ್ಕೆ ಹೇಳಿದರು. ಅಂದಿನಿಂದ ನನ್ನ ಜೊತೆ ಮೊದಲಿನ ಹಾಗೇ ಮಾತಾಡತೊಡಗಿದರು.

ಜೂನ್ ಮೊದಲ ವಾರ ಒಂದು ಸಂಜೆ ಗಾಳಿ ಎದ್ದು, ಧೂಳು ಹಾರಿ, ಅರ್ಧ ಗಂಟೆ ಮಳೆ ಹೊಡೆಯಿತು. ಬೀದಿಯ ನೀರೆಲ್ಲ ಕೆಂಪಾಗಿ ಚರಂಡಿಗೆ ಓಡಿತು. ನಮ್ಮ ಅಂಗಳದ ನೀರು ಮಾತ್ರ ಒಳಗೇ ನಿಂತು, ನೋಡುತ್ತಿದ್ದಂತೆ ಇಂಗಿತು. ನಾನೂ ನನ್ನ ಗಂಡನೂ ನೆನೆಯುತ್ತಲೇ ನಿಂತು ನೋಡಿದೆವು. "ಗೆದ್ದಿ ಬಿಡವಾ" ಎಂದರು ಅವರು. ಆ ಮಾತು ನನಗೆ ಸಾಲಲಿಲ್ಲ. ಹೇಳಬೇಕಾದವರು ಬೇರೆ ಇದ್ದರು, ಅವರು ಇನ್ನೂ ಹೇಳಿರಲಿಲ್ಲ.

ಮಾರನೆಯ ಬೆಳಿಗ್ಗೆ ಗೇಟಿನ ಮುಂದೆ ಟ್ರಾಕ್ಟರ್ ಬಂದು ನಿಂತ ಸದ್ದಾಯಿತು. ಹೊರಗೆ ಬಂದು ನೋಡಿದರೆ ಮರಳು, ಜಲ್ಲಿ, ಸಿಮೆಂಟಿನ ಚೀಲಗಳು, ಪಕ್ಕದಲ್ಲಿ ಮೇಸ್ತ್ರಿ. ಮಾತು ಕೊಟ್ಟು ಹೀಗಾ ಎಂದು ಕೇಳಲು ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲಿಳಿದೆ. ಅಷ್ಟರಲ್ಲಿ ಮುನಿಸ್ವಾಮಪ್ಪ ಹಿಂದಿನಿಂದ ಬಂದರು.

"ಮರಳು ಇಲ್ಲೇ ಒಳಗಡೆ ಸುರಿಸ್ಲಾ ಅಣ್ಣ?" ಎಂದು ಮೇಸ್ತ್ರಿ ಕೇಳಿದ.

"ಕಣ್ ಕಾಣಲ್ವೇನಯ್ಯ? ಗಿಡ ಅವೆ" ಎಂದರು ಮುನಿಸ್ವಾಮಪ್ಪ. "ಗಾಡಿ ತಿರುಗ್ಸು, ಎಲ್ಲಾನೂ ಹೊಸ ಬಿಲ್ಡಿಂಗ್ ಹತ್ರ ತಗೊಂಡೋಗು." ಆಮೇಲೆ ನನ್ನ ಮುಖ ನೋಡದೆ, ಕತ್ತು ಕೆರೆದುಕೊಳ್ಳುತ್ತ, "ಟೀಚರಮ್ಮ, ಅಲ್ಲಿ ಮುಂದ್ಗಡೆ ಹತ್ತಡಿ ಮಣ್ಣು ಬಿಡುಸ್ತಾ ಇದೀನಿ. ನೀವು, ನಮ್ಮವ್ವ ಇಬ್ರೂ ಯಾವಾಗ ಬತ್ತೀರಾ?" ಎಂದರು.

ಜಗಳಕ್ಕೆಂದು ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿ ಇಳಿಬಿಟ್ಟೆ.

"ಈ ಭಾನುವಾರನ ಬರ್ತೀವ್ರಿ" ಎಂದೆ. "ಆದ್ರ ಅಲ್ಲಿ ನನ್ನ ಕೈಗೆ ಎಟಕೂ ಹಂಗ ನಲ್ಲಿ ಇಡಸಬ್ಯಾಡ್ರಿ."

ಅವರು ನಗಲಿಲ್ಲ. ಟ್ರಾಕ್ಟರ್ ಹತ್ತುತ್ತಿದ್ದ ಮೇಸ್ತ್ರಿಯನ್ನು ತಡೆದು, "ಏಯ್, ಪ್ಲಾನಲ್ಲಿ ಮುಂದ್ಗಡೆ ಗೋಡೆಗೆ ನಲ್ಲಿ ಐತಲ್ಲ, ಅದನ್ನ ತೆಗೆದಾಕ್ಬುಡು" ಎಂದರು.